ತರೈವಿನಿ ಕಂಡ ಮದೌ ಮರ

ನಾವೈಕುರದಲ್ಲಿ ಹುಟ್ಟಿದ ಯಾವ ಕೂಸಿಗೂ ಮೈಗೆ ತಾಗುವ ಮೊದಲ ಎಣ್ಣೆ ತರೈವಿನಿಯದು. ಮದುಮಗಳ ತೋಳಿಗೆ, ಹಬ್ಬದಲ್ಲಿ ಕುಣಿಯುವ ಗಂಡಸರ ಎದೆಗೆ, ಚಾಪೆಯಲ್ಲಿ ಸುತ್ತುವ ಮುಂಚೆ ಸತ್ತವರ ಹಣೆಗೆ ಹಚ್ಚುವುದೂ ಅದನ್ನೇ. ಅಪ್ಪನ ತಾಯಿಯಿಂದ ಕಲಿತ ಕೆಲಸ. ಕರಾವಳಿಯ ನೆಂಟರು ದೋಣಿಯಲ್ಲಿ ತೆಂಗಿನಕಾಯಿ ಕಳಿಸುತ್ತಿದ್ದರು, ಮಲೆಯ ಮೇಲಿನ ದೆಲೈವಿ ಊರಿನಿಂದ ಅಲ್ಲಿನ ಒಂದೇ ಒಂದು ಮದೌ ಮರದ ತೊಗಟೆ ಇಳಿದು ಬರುತ್ತಿತ್ತು. ಎರಡೂ ಕೂಡುವುದು ಹೊಳೆದಂಡೆಯ ಅವಳ ಅಂಗಳದಲ್ಲಿ. ಕಾಯಿಹಾಲು ಕಾಯಿಸಿ, ತೇಲಿದ ಎಣ್ಣೆ ಬಸಿದು, ಅದರಲ್ಲಿ ತೊಗಟೆಯ ಚೂರು ಮುಳುಗಿಸಿ ಬಿಸಿಲಿಗಿಟ್ಟರೆ ಎಣ್ಣೆ ದಿನದಿಂದ ದಿನಕ್ಕೆ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಮದೌ ಅಂದರೆ ಅಡುಗೆಮನೆಯ ಚಕ್ಕೆಯ ಕುಲದ್ದೇ. ಆದರೆ ಊರು ಕಾಣದ ಜಾತಿ. ಘಮದಲ್ಲಿ ಸ್ವಲ್ಪ ಒರಟು, ಸ್ವಲ್ಪ ಖಾರ, ಮೂಗಿಗಿಂತ ಮೊದಲು ಎದೆಗೆ ತಾಗುವಂಥದ್ದು. ಚಳಿಜ್ವರ ಬಂದವರಿಗೆ ಅದೇ ತೊಗಟೆಯ ಕಷಾಯ ಕುಡಿಸಿ ಚಾಪೆ ಹೊದಿಸಿ ಬೆವರಿಳಿಸುತ್ತಿದ್ದರು.

ಇಷ್ಟೆಲ್ಲ ಮಾಡಿದ ತರೈವಿನಿ ಆ ಮರವನ್ನು ಒಂದು ಸಲವೂ ಕಂಡವಳಲ್ಲ.

ತೊಗಟೆ ತರುತ್ತಿದ್ದವನು ಸಕೆಯಾಸಿ, ಅವಳ ಸೋದರಮಾವನ ಮಗ. ತರೈವಿನಿಯ ತಾಯಿ ಲಿತಿಯಾ ದೆಲೈವಿಯ ಮಗಳು. ಮಗು ಅಂಬೆಗಾಲಿಡುವಾಗಲೇ ತೀರಿಕೊಂಡಳು. ತಾಯಿಯ ತವರಿನ ನೆನಪು ಎಂದು ತರೈವಿನಿಗೆ ಉಳಿದದ್ದು ವರ್ಷಕ್ಕೊಮ್ಮೆ ಮಳೆ ನಿಂತ ಮೇಲೆ ಬರುವ ಈ ಭಾವ ಮತ್ತು ಅವನ ಬೆನ್ನಿನ ಹೊರೆ. ಅವರಿಬ್ಬರಿಗೆ ಮದುವೆ ಮಾಡಬೇಕೆಂದು ಹಿರಿಯರು ಒಂದು ಕಾಲದಲ್ಲಿ ಮಾತಾಡಿಕೊಂಡದ್ದುಂಟು. ಅಷ್ಟರಲ್ಲಿ ಅವಳು ಊರಿನವನೇ ಆದ ನೇಮಾನಿಯ ಮನೆ ಸೇರಿದ್ದಳು. ಆಮೇಲೆ ಅದರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಸಕೆಯಾಸಿ ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ.

ಆಚೆ ದಡದಿಂದಲೇ ಅವನ ಬಾಯಿ ಶುರುವಾಗುತ್ತಿತ್ತು.

"ಏನೇ ತರೈ, ನಾಯಿ ಕಟ್ಟಿಹಾಕಿದೀಯಾ, ಇಲ್ಲ ಗಂಡನ್ನ ಕಟ್ಟಿಹಾಕಿದೀಯಾ?"

"ಇಬ್ರನ್ನೂ ಕಟ್ಟಿದೀನಿ ಭಾವ. ನಿನ್ನ ಬಾಯಿ ಕಟ್ಟೋಕೆ ಹಗ್ಗ ಸಾಲ್ತಿಲ್ಲ."

ನೇಮಾನಿ ನಗುತ್ತಾ ಕೋಳಿ ಹಿಡಿಯಲು ಹೋಗುತ್ತಿದ್ದ. ಕೆಸುವಿನ ಗೆಡ್ಡೆ ಬೇಯುತ್ತಿತ್ತು, ಸಂಜೆ ಯಂಗೋನದ ಬೋಗುಣಿಯ ಸುತ್ತ ಊರಿನ ಗಂಡಸರು ಕೂರುತ್ತಿದ್ದರು. ಗಂಜಿಯಂಥ ಆ ಬೇರಿನ ರಸ ಎರಡು ಚಿಪ್ಪು ಒಳಗೆ ಹೋದರೆ ಸಕೆಯಾಸಿ ಮರದ ವರ್ಣನೆಗೆ ತೊಡಗುತ್ತಿದ್ದ. ಒಂದು ವರ್ಷ ಅದನ್ನು ತಬ್ಬಲು ಐದು ಜನ ಬೇಕು ಎನ್ನುತ್ತಿದ್ದ, ಮುಂದಿನ ವರ್ಷ ಎಂಟು. ಒಮ್ಮೆ ಅದರ ತುದಿಯಲ್ಲಿ ಮೋಡ ಸಿಕ್ಕಿಹಾಕಿಕೊಂಡು ಎರಡು ದಿನ ಅಲ್ಲೇ ಇತ್ತಂತೆ.

"ನಾನೂ ಬರ್ತೀನಿ ಒಂದ್ಸಲ," ಎಂದು ಎಳೆ ವಯಸ್ಸಿನಲ್ಲಿ ತರೈವಿನಿ ಕೇಳಿದ್ದಳು.

"ಹೆಂಗಸ್ರು ಹೋಗೋ ಹಾಗಿಲ್ಲ ಕಣೇ. ಹಿಂದಿನಿಂದ ಬಂದ ಕಟ್ಟಳೆ. ಹೆಣ್ಣಿನ ನೆರಳು ಬಿದ್ರೆ ತೊಗಟೆ ವಾಸನೆ ಕಳಕೊಳ್ಳುತ್ತೆ."

ಅವಳು ನಂಬಿದಳು. ನಂಬದಿರಲು ಕಾರಣವೂ ಇರಲಿಲ್ಲ. ವರ್ಷಗಳು ಕಳೆದವು, ಅವಳ ಕೂದಲು ಬೆಳ್ಳಗಾಯಿತು, ಸಕೆಯಾಸಿಯ ಮಂಡಿ ನೋಯತೊಡಗಿತು. ತೊಗಟೆ ಬರುತ್ತಲೇ ಇತ್ತು. ಅಂಗೈ ಅಗಲದ ತುಂಡುಗಳು, ಒಂದರ ಮೇಲೊಂದು ಜೋಡಿಸಿ ಬಾಳೆಪಟ್ಟೆಯಲ್ಲಿ ಕಟ್ಟಿದವು. ಅದಕ್ಕಿಂತ ದೊಡ್ಡ ತುಂಡನ್ನು ಅವನು ಎಂದೂ ತರಲಿಲ್ಲ.

ಆ ದೊಡ್ಡ ಗಾಳಿ ಬಂದದ್ದು ಹಾಡುಹಗಲೇ. ರೇಡಿಯೊದಲ್ಲಿ ಎರಡು ದಿನದಿಂದ ಎಚ್ಚರಿಸುತ್ತಿದ್ದರು. ಊರಿನವರೆಲ್ಲ ಶಾಲೆಯ ಸಿಮೆಂಟು ಕಟ್ಟಡದೊಳಗೆ ಮೇಜುಗಳ ಕೆಳಗೆ ಮಲಗಿದ್ದರು. ಮೊದಲು ಚರ್ಚಿನ ತಗಡು ಹಾರಿದ ಸದ್ದು ಕೇಳಿಸಿತು, ಆಮೇಲೆ ಒಂದೊಂದೇ ಮನೆಯದು. ಆಮೇಲೆ ಯಾವ ಸದ್ದು ಯಾವುದೆಂದು ತಿಳಿಯದ ಹಾಗೆ ಎಲ್ಲವೂ ಒಂದೇ ಗರ್ಜನೆಯಾಯಿತು. ತರೈವಿನಿ ನೇಮಾನಿಯ ಕೈ ಹಿಡಿದು ಬಾಯಲ್ಲಿ ಪ್ರಾರ್ಥನೆ ಹೇಳುತ್ತಿದ್ದಳು; ತನ್ನ ದನಿ ತನಗೇ ಕೇಳುತ್ತಿರಲಿಲ್ಲ.

ಹೊರಗೆ ಬಂದಾಗ ಜನ ಮೊದಲು ನೋಡಿದ್ದು ತಮ್ಮ ಮನೆಗಳನ್ನಲ್ಲ, ಮಲೆಯನ್ನು. ಹುಟ್ಟಿದಾಗಿನಿಂದ ಹಸಿರಾಗಿ ಕಂಡ ಮಲೆ ಬೆಂಕಿ ಬಿದ್ದಂತೆ ಕಂದಾಗಿತ್ತು. ಎಲೆ ಎನ್ನುವುದು ಒಂದೂ ಇರಲಿಲ್ಲ. ಮರೆಯಲ್ಲಿದ್ದ ಬಂಡೆಗಳು, ಝರಿಗಳು, ಯಾರಿಗೂ ಗೊತ್ತಿರದ ಒಂದು ಜಲಪಾತ ಎಲ್ಲ ಬಯಲಾಗಿದ್ದವು. ಊರಿನಲ್ಲಿ ಯಾರ ಜೀವವೂ ಹೋಗಿರಲಿಲ್ಲ, ಅದೊಂದೇ ಸಮಾಧಾನ.

ಮರುದಿನ ಬಿಸಿಲು ಬಂತು. ಒದ್ದೆ ಚಾಪೆಗಳನ್ನು ಒಣಗಲು ಹರಡುತ್ತಿರುವಾಗ ಮಲೆಯ ಕಡೆಯಿಂದ ಮೆಲ್ಲಗೆ ಗಾಳಿ ಇಳಿಯಿತು. ಅದರ ಜೊತೆ ವಾಸನೆಯೂ ಇಳಿಯಿತು. ಕೆಲಸ ಮಾಡುತ್ತಿದ್ದವರ ಕೈ ನಿಂತಿತು.

"ಪಾಪ, ತರೈಯಕ್ಕನ ಜಾಡಿಗಳೆಲ್ಲ ಒಡೆದಿರಬೇಕು," ಎಂದಳು ಪಕ್ಕದ ಮನೆಯವಳು.

"ನನ್ನ ಜಾಡಿ ಕೆಸರಲ್ಲಿ ಹೂತಿವೆ," ಎಂದಳು ತರೈವಿನಿ. "ಇದು ಎಣ್ಣೆ ವಾಸನೆ ಅಲ್ಲ. ಇದು ಹಸಿ."

ಅವಳು ಹೊಳೆಯ ಕಲ್ಲಿನ ಮೇಲೆ ನಿಂತು ಮುಖವೆತ್ತಿದಳು. ಒಂದು ಚಿಟಿಕೆ ಚೂರಿನಲ್ಲಿ ಅವಳು ಬದುಕೆಲ್ಲ ಮೂಸಿದ ಘಮ ಈಗ ಒಂದು ಇಡೀ ಮಲೆಯಿಂದ ಹೊಳೆಯಂತೆ ಹರಿದು ಬರುತ್ತಿತ್ತು. ಅದು ಬೀಸಿ ಬೀಸಿ ಬರಲಿಲ್ಲ, ನಿಂತೇ ಇತ್ತು. ಸಂಜೆಯಾದರೂ ಇತ್ತು, ಮರುದಿನ ಬೆಳಿಗ್ಗೆಯೂ ಇತ್ತು. ಮುರಿದ ಮನೆಗಳಲ್ಲಿ, ಒದ್ದೆ ಬಟ್ಟೆಯಲ್ಲಿ, ಬೇಯಿಸಿದ ಮರಗೆಣಸಿನಲ್ಲೂ ಅದೇ. ಮಕ್ಕಳು ನಾಲಿಗೆ ಚಾಚಿ ಗಾಳಿಯ ರುಚಿ ನೋಡುತ್ತಿದ್ದರು. ದೊಡ್ಡವರು ದನಿ ತಗ್ಗಿಸಿ ಮಾತಾಡುತ್ತಿದ್ದರು, ಮನೆಯಲ್ಲಿ ದೊಡ್ಡ ಮನುಷ್ಯರು ಬಂದು ಕೂತ ಹಾಗೆ.

ಮೂರು ನಾಲ್ಕು ದಿನ ಕಳೆದ ಮೇಲೆ ಸಕೆಯಾಸಿ ಬಂದ. ಹೊಳೆಯ ಆಚೆಯಿಂದ ಕೂಗಲಿಲ್ಲ. ದಾಟಿ ಬಂದು ಅಂಗಳದಲ್ಲಿ ಕೂತ. ಬೆನ್ನಿನ ಮೇಲೆ ಹೊರೆ ಇರಲಿಲ್ಲ.

"ದೆಲೈವೀಲಿ ಎಲ್ಲ ಚೆನ್ನಾಗಿದೀರಾ?" ನೇಮಾನಿ ಕೇಳಿದ.

"ಜನ ಚೆನ್ನಾಗಿದೀವಿ." ಮಚ್ಚನ್ನು ಪಕ್ಕಕ್ಕಿಟ್ಟು ಹೇಳಿದ, "ಮರ ಬಿತ್ತು."

ತರೈವಿನಿ ಅವನ ಮುಂದೆ ನೀರಿಟ್ಟಳು. ಅವನು ಕುಡಿಯುವವರೆಗೂ ಕಾದು ಹೇಳಿದಳು, "ನಾನು ನೋಡ್ಬೇಕು."

"ತರೈ, ಕಟ್ಟಳೆ..."

"ಅದು ನನ್ನಮ್ಮನ ತವರಿನ ಮರ. ಮನೆಮಗಳ ಮಕ್ಕಳು ಬಾಯಿಬಿಟ್ಟು ಕೇಳಿದ್ದನ್ನ ತವರಿನೋರು ಇಲ್ಲ ಅನ್ನೋ ಹಾಗಿಲ್ಲ, ಅದೂ ಹಿಂದಿನಿಂದ ಬಂದ ಕಟ್ಟಳೆಯೇ. ಇಷ್ಟು ವರ್ಷ ನಾನು ನಿಮ್ಮೂರಲ್ಲಿ ಒಂದು ಹಂದಿಮರೀನೂ ಕೇಳಿಲ್ಲ. ಈಗ ಇದು ಕೇಳ್ತಿದೀನಿ."

ಸಕೆಯಾಸಿ ನೇಮಾನಿಯ ಕಡೆ ನೋಡಿದ. ನೇಮಾನಿ ಮುರಿದ ಚಾವಣಿಯ ಕಡೆ ನೋಡುತ್ತಾ, "ಕರ್ಕೊಂಡು ಹೋಗು ಭಾವ. ಇವಳು ಇಲ್ಲಿದ್ರೆ ನನಗೆ ತಗಡು ಹೊಡೆಯೋಕೆ ಬಿಡಲ್ಲ," ಎಂದ.

ಬೆಳಗಿನ ಜಾವ ಹೊರಟರು. ದಾರಿ ಎನ್ನುವುದು ಉಳಿದಿರಲಿಲ್ಲ. ಬಿದ್ದ ಮರಗಳ ಮೇಲೆ ಹತ್ತಿ, ಕೆಳಗೆ ನುಸುಳಿ, ಮಚ್ಚಿನಿಂದ ಬಳ್ಳಿ ಕಡಿದು ನಡೆಯಬೇಕಿತ್ತು. ನೆರಳಿಲ್ಲದ ಕಾಡಿನಲ್ಲಿ ಬಿಸಿಲು ನೇರ ನೆಲಕ್ಕೆ ಬಡಿಯುತ್ತಿತ್ತು. ಹಕ್ಕಿಗಳು ನೆಲದ ಮೇಲೆ ಕೋಳಿಗಳಂತೆ ಓಡಾಡುತ್ತಿದ್ದವು, ಕೂರಲು ಕೊಂಬೆ ಇಲ್ಲದೆ. ಏರುತ್ತಾ ಹೋದಂತೆ ಘಮ ದಟ್ಟವಾಯಿತು.

"ನಿಧಾನ ಕಣೇ," ಎಂದ ಸಕೆಯಾಸಿ ಮಂಡಿ ನೀವಿಕೊಳ್ಳುತ್ತಾ. "ಮರ ಎಲ್ಲೂ ಎದ್ದು ಹೋಗಲ್ಲ."

"ನೀನು ಹೇಳ್ತಿದ್ದ ಮರ ಆದ್ರೆ ಎದ್ದು ಹೋದ್ರೂ ಹೋದೀತು. ಮೋಡ ಹಿಡೀತಿದ್ದ ಮರ ಅಲ್ವಾ."

ಅವನು ನಗಲಿಲ್ಲ. ಅವಳು ಹೆಜ್ಜೆ ನಿಧಾನ ಮಾಡಿದಳು.

ನೆತ್ತಿ ಮುಟ್ಟುವ ಮೊದಲು ಅವಳಿಗೆ ಒಂದು ಗೋಡೆ ಕಂಡಿತು. ಕೆಂಪು ಮಣ್ಣಿನ ಗೋಡೆ, ಅವಳ ಮನೆಗಿಂತ ಎತ್ತರ, ಅದರ ತುಂಬ ಬಂಡೆಗಳು ಸಿಕ್ಕಿಕೊಂಡಿದ್ದವು. ಇಲ್ಲಿ ಯಾರು ಗೋಡೆ ಕಟ್ಟಿದರು ಎಂದು ಯೋಚಿಸುತ್ತಿರುವಾಗಲೇ ಅದು ಮರದ ಬುಡ ಎಂದು ಹೊಳೆಯಿತು. ಮಗುಚಿ ಬಿದ್ದ ಮರ ತನ್ನ ಬೇರಿನ ಜೊತೆ ನೆಲವನ್ನೇ ಎತ್ತಿ ನಿಲ್ಲಿಸಿತ್ತು. ಒಂದು ಮಗ್ಗುಲ ಬೇರು ಮಾತ್ರ ಇನ್ನೂ ಮಣ್ಣು ಬಿಟ್ಟಿರಲಿಲ್ಲ. ಗುಂಡಿಯಲ್ಲಿ ಮಳೆನೀರು ನಿಂತು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಅವಳು ಒಂದು ಬೇರಿನ ತುದಿ ಮುರಿದು ಮೂಸಿದಳು. ಕರ್ಪೂರ. ಮಣ್ಣಿಗಂಟಿದ್ದ ಒಂದು ಉದುರೆಲೆಯನ್ನು ಉಜ್ಜಿದಳು, ಪೇಟೆಯ ಅಂಗಡಿಯ ಲವಂಗದ ವಾಸನೆ. ತೊಗಟೆಯದು ಅವಳಿಗೆ ಗೊತ್ತೇ ಇತ್ತು. ಒಂದೇ ಜೀವ, ಪಾದಕ್ಕೊಂದು ಉಸಿರು, ಮೈಗೊಂದು, ತಲೆಗೊಂದು. ಇಷ್ಟು ವರ್ಷ ತಾನು ಅದರ ಒಂದು ಮಾತನ್ನು ಮಾತ್ರ ಕೇಳಿದ್ದು ಅನ್ನಿಸಿತು.

ಹಿಂದೆ ತಿರುಗಿ ನೋಡಿದರೆ ಸಕೆಯಾಸಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ನೋಯುವ ಮಂಡಿಯನ್ನು ಹೇಗೆ ಮಡಚಿದನೋ. ತಲೆ ತಗ್ಗಿಸಿ, ಅಂಗೈಗಳನ್ನು ಬೊಗಸೆಯಂತೆ ಮಾಡಿ, ನಿಧಾನವಾಗಿ ಚಪ್ಪಾಳೆ ತಟ್ಟಿದ. ಆ ಗಂಭೀರವಾದ ಟೊಳ್ಳು ಸದ್ದನ್ನು ಊರಿನ ಒಡೆಯರ ಮುಂದೆ, ಅವರ ಹೆಣದ ಮುಂದೆ ಮಾತ್ರ ಕೇಳಿದ್ದಳು ಅವಳು. ತಾನೂ ಅವನ ಪಕ್ಕ ಕೂತು ತಟ್ಟಿದಳು.

ಆಮೇಲೆ ಕಾಂಡದ ಉದ್ದಕ್ಕೂ ನಡೆದಳು. ಬುಡದ ಹತ್ತಿರದ ತೊಗಟೆಯ ಮೇಲೆಲ್ಲ ಕಲೆಗಳು. ಅಂಗೈ ಅಗಲದ ಚೌಕಗಳು, ಒಂದರ ಪಕ್ಕ ಒಂದು. ಹೊಸವು ಇನ್ನೂ ಕೆಂಪಗೆ, ಅದಕ್ಕೂ ಹಿಂದಿನವು ಕಂದು, ಅದರಾಚೆ ತುಟಿ ಮುಚ್ಚಿದಂತೆ ಅಂಚು ಕೂಡಿ ಮಾಯ್ದವು, ಇನ್ನೂ ಆಚೆ ಬರೀ ಗೆರೆಯಾಗಿ ಉಳಿದವು. ಮೇಲೆ ಬೆರಳಾಡಿಸಿದರಷ್ಟೇ ಗೊತ್ತಾಗುವಷ್ಟು ಹಳೆಯವೂ ಇದ್ದವು.

"ಇದು ಹೋದ ವರ್ಷದ್ದು," ಎಂದ ಸಕೆಯಾಸಿ ಒಂದರ ಮೇಲೆ ಕೈಯಿಟ್ಟು. "ಇದು ನಿನ್ನ ಹಿರಿಮಗಳ ಮದುವೇದು. ಅದು ನಮ್ಮಪ್ಪ ಕಡಿದದ್ದು, ನಿಮ್ಮಜ್ಜಿಗೆ."

ತರೈವಿನಿ ಒಂದೊಂದನ್ನೂ ಮುಟ್ಟಿದಳು. ತನ್ನ ಮಕ್ಕಳ ಮೈಗೆ ಹಚ್ಚಿದ್ದು ಇಲ್ಲಿತ್ತು. ತನ್ನ ಅಪ್ಪನ ಹಣೆಗೆ ಹಚ್ಚಿದ್ದು ಇಲ್ಲಿತ್ತು. ತಾನು ಹುಟ್ಟಿದಾಗ ಅಜ್ಜಿ ತನಗೆ ಹಚ್ಚಿದ್ದೂ ಈ ಗೆರೆಗಳಲ್ಲಿ ಎಲ್ಲೋ ಒಂದು ಕಡೆ. ಊರಿನ ಹುಟ್ಟು ಸಾವೆಲ್ಲ ಈ ಮರದ ಚರ್ಮದ ಮೇಲೆ ಮಾಯ್ದು ಹೋಗಿತ್ತು.

ಗಂಡಸಿನ ಕೈಗೆ ಎಟಕುವಷ್ಟು ದೂರಕ್ಕೆ ಕಲೆಗಳು ನಿಂತವು. ಆದರೆ ಮರ ನಿಲ್ಲಲಿಲ್ಲ. ನುಣುಪಾದ ಬೂದು ಮೈ ಮುಂದೆ ಮುಂದೆ ಹೋಗುತ್ತಲೇ ಇತ್ತು, ಯಾರ ಮಚ್ಚೂ ತಾಗದ್ದು, ಯಾರ ಕೈಯೂ ಕಾಣದ್ದು. ಅವಳು ನಡೆದಳು, ನಡೆದಳು. ಅಷ್ಟೂ ತಲೆಮಾರಿನವರು ಸೇರಿ ಮುಟ್ಟಿದ್ದು ಅದರ ಪಾದವನ್ನು ಮಾತ್ರ. ಅವಳು ಕಾಂಡಕ್ಕೆ ಒರಗಿ ನಿಂತಳು.

ಕೊಂಬೆಗಳು ಮಲೆಯ ಆಚೆ ಮಗ್ಗುಲಿಗೆ ಇಳಿಬಿದ್ದಿದ್ದವು. ಅಲ್ಲಿಂದ ಹೆಂಗಸರ ಮಾತು ಕೇಳಿಸಿತು. ಆಚೆ ಕಣಿವೆಯ ಊರಿನವರು, ನಾಲ್ಕಾರು ಜನ, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ತೊಗಟೆ ಆರಿಸುತ್ತಿದ್ದರು. ಅವರಲ್ಲಿ ತೀರ ಮುದುಕಿಯೊಬ್ಬಳು ಕೊಂಬೆಯ ಮೇಲೆ ಕೂತು ಉಳಿದವರಿಗೆ ಕೆಲಸ ಹೇಳುತ್ತಿದ್ದಳು. ಅವಳ ಹೆಸರು ಉನಾಯಿಸಿ.

ತರೈವಿನಿ ಬೆರಗಾಗಿ ಕೇಳಿದಳು, "ನಿಮ್ಮ ಕಡೆ ಹೆಂಗಸ್ರು ಬರ್ತಾರಾ ಇಲ್ಲಿಗೆ?"

"ಮತ್ತೆ ಯಾರು ಬರ್ತಾರಮ್ಮ? ನಮ್ಮ ಗಂಡಸ್ರು ಬಂದ್ರೆ ಮರದ ಕೆಳಗೆ ನಿದ್ದೆ ಮಾಡಿ ವಾಪಸ್ ಬರ್ತಾರೆ."

ತರೈವಿನಿ ಮೆಲ್ಲಗೆ ಕತ್ತು ಹೊರಳಿಸಿದಳು. ಸಕೆಯಾಸಿ ದೂರದ ಜಲಪಾತವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಆ ಕಡೆ ದೈವ ಬೇರೆ ಕಣೇ," ಎಂದ.

"ಒಂದು ಮರಕ್ಕೆ ಎರಡು ದೈವನಾ ಭಾವ?"

"ದೊಡ್ಡ ಮರ. ಇರಬಹುದು."

ಆಚೆಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಉನಾಯಿಸಿ ಕಣ್ಣು ಕಿರಿದು ಮಾಡಿ ತರೈವಿನಿಯನ್ನೇ ನೋಡುತ್ತಿದ್ದಳು. "ನೀನು ಯಾರ ಮಗಳು?"

"ದೆಲೈವಿಯ ಲಿತಿಯಾ ಮಗಳು. ಅಮ್ಮನ್ನ ಕೆಳಗೆ ನಾವೈಕುರಕ್ಕೆ ಕೊಟ್ಟಿದ್ರು."

ಮುದುಕಿ ಕೊಂಬೆಯನ್ನು ಸವರುತ್ತಾ ಹೇಳಿದಳು. "ನಾನು ಆಗ ಇಷ್ಟೇ ಇದ್ದೆ. ನಮ್ಮಮ್ಮನ ಜೊತೆ ಬರ್ತಿದ್ದೆ. ದೆಲೈವಿಯ ಹುಡುಗೀರೂ ಬರೋರು. ಲಿತಿಯಾ ಈ ಮರದ ಬೇರಿನ ಮೇಲೆ ಕೂತ್ಕೊಂಡು ಹಾಡೋಳು. ಅವಳ ಹಾಡು ನಮ್ಮೂರಿಗೂ ಕೇಳ್ತಿತ್ತು ಅಂತ ನಮ್ಮಪ್ಪ ತಮಾಷೆ ಮಾಡೋರು. ಮದುವೆಯಾಗಿ ಇಳಿದು ಹೋಗೋ ಮುಂಚೆ ಬಂದಿದ್ಲು. ಮರಕ್ಕೆ ಬೆನ್ನು ಕೊಟ್ಟು ನಿಂತು, ಎಷ್ಟು ಹೊತ್ತಾದ್ರೂ ಅಲುಗಾಡ್ಲಿಲ್ಲ. ಏನ್ ಮಾಡ್ತಿದೀಯೇ ಅಂತ ನಮ್ಮಮ್ಮ ಕೇಳಿದ್ರು. ವಾಸನೆ ಮೈಗೆ ಹತ್ತಿಸ್ಕೊಂಡು ಹೋಗ್ತೀನಿ ಅಂದ್ಲು."

ತರೈವಿನಿಗೆ ತಾಯಿಯ ಮುಖ ನೆನಪಿರಲಿಲ್ಲ. ಫೋಟೊ ಇರಲಿಲ್ಲ. ದನಿ ಹೇಗಿತ್ತೆಂದು ಹೇಳುವವರು ಇರಲಿಲ್ಲ. ಅವಳು ಅಲ್ಲೇ, ಆ ಬೂದು ಮೈಗೆ ಬೆನ್ನು ಕೊಟ್ಟು ಕೂತಳು. ಸುತ್ತ ಬೋಳು ಬೆಟ್ಟಗಳು, ಎರಡು ಕಣಿವೆಗಳು, ಎರಡು ಹೊಳೆಗಳು, ದೂರದ ಅಂಚಿಗೆ ಒಂದು ಗೆರೆ ಸಮುದ್ರ. ತಾಯಿ ನೋಡುತ್ತಿದ್ದುದು ಇದನ್ನೇ. ಅವಳು ಅಳಲಿಲ್ಲ. ಆ ಘಮ ತನ್ನ ಮೈಗೂ ಹತ್ತಲಿ ಎಂದು ಬೆನ್ನನ್ನು ಕಾಂಡಕ್ಕೆ ಇನ್ನಷ್ಟು ಒತ್ತಿದಳು.

ಹಿಂದಿರುಗುವಾಗ ಅವಳು ಸಕೆಯಾಸಿಯನ್ನು ಏನೂ ಕೇಳಲಿಲ್ಲ. ಕೇಳುವುದೇನಿತ್ತು. ಹೆಂಗಸರು ತಾವೇ ಹತ್ತಿ ತರಬಹುದಾಗಿದ್ದರೆ ಅವನಿಗೆ ಹೊಳೆ ದಾಟಿ ಬರಲು ನೆಪವೇ ಇರುತ್ತಿರಲಿಲ್ಲ. ಜಾರು ಇಳಿಜಾರಿನಲ್ಲಿ ಅವನ ಮಂಡಿ ಕೈಕೊಟ್ಟಾಗ ಅವಳು ತೋಳು ಕೊಟ್ಟಳು. ಅವನು ಹಿಡಿದುಕೊಂಡ.

ದೆಲೈವಿಯ ಹಿರಿಯರು ಮತ್ತು ಆಚೆ ಕಣಿವೆಯವರು ಕೂತು ಮಾತಾಡಿ, ಮರದ ಮೇಲಿನ ಭಾಗದ ತೊಗಟೆಯನ್ನು ಎರಡೂ ಕಡೆಯ ಊರುಗಳು ಹಂಚಿಕೊಳ್ಳಲಿ, ಬುಡದ ಕಡೆಯದನ್ನು ಯಾರೂ ಮುಟ್ಟುವುದು ಬೇಡ, ಅದು ಸತ್ತವರದ್ದು ಎಂದು ತೀರ್ಮಾನಿಸಿದರು. ಕರಾವಳಿಯಲ್ಲೂ ತೆಂಗಿನ ತೋಟಗಳೆಲ್ಲ ನೆಲ ಕಚ್ಚಿದ್ದವು. ಕಾಯಿ ಮೊಳೆಯುವ ಮುಂಚೆ ಎಣ್ಣೆಯಾಗಬೇಕಿತ್ತು. ದೋಣಿಗಟ್ಟಲೆ ಕಾಯಿ ಮೇಲೆ ಬಂತು, ಹೊರೆಗಟ್ಟಲೆ ತೊಗಟೆ ಕೆಳಗೆ ಬಂತು. ತರೈವಿನಿಯ ಮನೆಗೆ ಇನ್ನೂ ಚಾವಣಿ ಇರಲಿಲ್ಲ. ಅವಳು ಊರಿನ ಹೆಂಗಸರನ್ನೆಲ್ಲ ಕೂರಿಸಿ ಕಾಯಿ ತುರಿಸಿದಳು, ಚರ್ಚಿನ ದೊಡ್ಡ ಹಂಡೆಗಳನ್ನು ತರಿಸಿದಳು. ಅಷ್ಟು ಎಣ್ಣೆಯನ್ನು ಆ ಹೊಳೆಯ ಉದ್ದಕ್ಕೆ ಯಾರೂ ಯಾವ ಕಾಲದಲ್ಲೂ ಕಂಡಿರಲಿಲ್ಲ. ಹಿಂದೆ ಮದುವೆಗೆ ತೊಟ್ಟು ತೊಟ್ಟಾಗಿ ಇಳಿಸುತ್ತಿದ್ದುದನ್ನು ಈಗ ಮುದುಕರ ಬೆನ್ನಿಗೆ, ತಗಡು ತಾಗಿ ಗಾಯ ಮಾಯ್ದವರ ಕಾಲಿಗೆ, ಶಾಲೆಗೆ ಹೋಗುವ ಮಕ್ಕಳ ತಲೆಗೆ ಸುರಿದು ಹಚ್ಚಿದರು. ಮನೆ ಇಲ್ಲದ ಜನ ಮದುಮಕ್ಕಳ ಹಾಗೆ ಘಮಘಮಿಸುತ್ತಾ ಓಡಾಡಿದರು.

ಅಕ್ಕಿಮೂಟೆ ತಂದ ಲಾರಿಯ ಚಾಲಕ ಬಿರ್ಜು, ಕಬ್ಬಿನ ಸೀಮೆಯವನು, ಇಳಿದವನೇ ಸುತ್ತ ನೋಡಿದ.

"ಏನಕ್ಕ ಇದು? ಆ ತಿರುವಿನಲ್ಲೇ ದಾಲ್ಚಿನ್ನಿ ವಾಸನೆ ಬಂತು. ಯಾರೋ ದೊಡ್ಡ ಊಟ ಹಾಕ್ತಿದಾರೆ ಅಂದ್ಕೊಂಡು ಬಂದೆ."

"ಊಟ ನೀನೇ ತಂದಿದೀಯಲ್ಲಪ್ಪ," ಎಂದಳು ತರೈವಿನಿ. "ಕೈ ಚಾಚು." ಅವನ ಅಂಗೈಗೆ ಎಣ್ಣೆ ಸುರಿದಳು. ಅವನು ಅದನ್ನು ಮುಖಕ್ಕೆ ಹಚ್ಚಿಕೊಂಡು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತ. ಅವನ ಮನೆಯೂ ಹೋಗಿತ್ತೆಂದು ಆಮೇಲೆ ತಿಳಿಯಿತು. ಹೊರಡುವಾಗ ಅವನ ಕೈಗೆ ಒಂದು ಸೀಸೆ ಕೊಟ್ಟು ಕಳಿಸಿದಳು.

ಮಳೆಗಾಲ ಕಳೆದು ಮತ್ತೊಂದು ಬೇಸಗೆ ಬಂತು. ಸಕೆಯಾಸಿಯ ಮಂಡಿ ಈಗ ಮಲೆ ಹತ್ತುವುದನ್ನು ಬಿಟ್ಟುಬಿಟ್ಟಿತ್ತು. ತರೈವಿನಿ ದೆಲೈವಿಯಲ್ಲಿ ಅವನನ್ನು ಮಾತಾಡಿಸಿಕೊಂಡು, ಅವನ ಸೊಸೆಯ ಜೊತೆ ನೆತ್ತಿಗೆ ಹೋದಳು. ಒಣಗಿದ ಕಾಂಡವನ್ನು ನೋಡಿ ಬರೋಣ ಎಂದಷ್ಟೇ ಅವಳ ಮನಸ್ಸಿನಲ್ಲಿತ್ತು.

ಕಾಂಡದ ಮೇಲೆ ಕಾಡು ನಿಂತಿತ್ತು. ಮಣ್ಣು ಬಿಡದೆ ಹಿಡಿದುಕೊಂಡಿದ್ದ ಆ ಒಂದು ಮಗ್ಗುಲ ಬೇರಿನ ಬಲದಿಂದ ಬುಡದ ಉದ್ದಕ್ಕೂ, ಮಾಯ್ದ ಕಲೆಗಳ ಅಂಚಿನಿಂದಲೇ, ಕುಡಿಗಳು ನೆಟ್ಟಗೆ ಎದ್ದಿದ್ದವು. ಕೆಲವು ಅವಳ ಸೊಂಟದವರೆಗೆ, ಕೆಲವು ತಲೆಯವರೆಗೆ. ಎಳೆ ಎಲೆಗಳು ಹಸಿರಾಗಿರಲಿಲ್ಲ, ಹುಟ್ಟಿದ ಕೂಸಿನ ಅಂಗೈಯ ಹಾಗೆ ಕೆಂಪು. ಬಿಸಿಲು ಅವುಗಳ ಮೂಲಕ ಹಾದು ಬೂದು ಕಾಂಡದ ಮೇಲೆ ಕೆಂಪಾಗಿ ಬೀಳುತ್ತಿತ್ತು. ಒಂದು ಮರ ಮಲಗಿ ಒಂದು ಸಾಲು ಮರವಾಗಿತ್ತು.

"ಒಂದು ಎಲೆ ಕಿತ್ತು ಕೊಡ್ಲಾ ಅತ್ತೆ?" ಸೊಸೆ ಕೇಳಿದಳು.

"ಬೇಡ. ಬಗ್ಗಿ ಮೂಸು."

ಇಬ್ಬರೂ ಬಗ್ಗಿದರು. ಘಮ ಇನ್ನೂ ಬಂದಿರಲಿಲ್ಲ. ಹಸಿ ಎಲೆಯ ವಾಸನೆ, ಅದರ ಹಿಂದೆ ಎಲ್ಲೋ ಒಂದು ಎಳೆಯಷ್ಟು ಖಾರ, ಇದೆಯೋ ಇಲ್ಲವೋ ಅನ್ನುವಷ್ಟು. ತರೈವಿನಿ ಕಾಂಡದ ಮೇಲೆ ಕೂತು ಮಧ್ಯಾಹ್ನದವರೆಗೂ ನೋಡಿದಳು. ಈ ಕುಡಿಗಳಿಗೆ ತೊಗಟೆ ಗಟ್ಟಿಯಾಗುವ ಹೊತ್ತಿಗೆ ತಾನಿರುವುದಿಲ್ಲ, ಇವಳೂ ಮುದುಕಿಯಾಗಿರುತ್ತಾಳೆ ಎಂದು ಲೆಕ್ಕ ಹಾಕಿದಳು. ಅದರಿಂದ ಬೇಸರವೇನೂ ಆಗಲಿಲ್ಲ. ತಾನು ಸಣ್ಣವಳಾದ ಹಾಗೆ ಅನ್ನಿಸಿತು, ಹಾಗೆ ಸಣ್ಣವಳಾಗುವುದು ಹಿತವಾಗಿತ್ತು.

ಹಂಚಿಕೊಂಡ ತೊಗಟೆ ಮುಗಿದಿತ್ತು; ಆ ವರ್ಷದಿಂದ ನಾವೈಕುರದ ಎಣ್ಣೆಗೆ ಹೊಳೆದಂಡೆಯ ಹಳದಿ ಹೂವು ಬಿತ್ತು, ಮದೌ ಬೀಳಲಿಲ್ಲ. ಮೇಲಿನ ಊರಿನವರು ಕುಡಿಗಳ ಸುತ್ತ ಹಂದಿ ಬಾರದಂತೆ ಬೇಲಿ ಹಾಕಿದರು. ಹೊಸ ಎಣ್ಣೆಗೆ ಕೆಲವರು ಮೂಗು ಮುರಿದರು. ಮಗಳ ಮದುವೆಗೆ ಮದೌ ಎಣ್ಣೆಯೇ ಬೇಕು, ಎಲ್ಲಾದರೂ ಒಂದು ಸೀಸೆ ಮುಚ್ಚಿಟ್ಟಿರಬೇಕು ಎಂದು ಹಟ ಹಿಡಿದು ಬಂದ ಒಬ್ಬಾಕೆಗೆ ತರೈವಿನಿ ಚಾಪೆ ಹಾಸಿ ಕೂರಿಸಿ, ಹೂವಿನ ಎಣ್ಣೆಯ ಜಾಡಿ ಮುಂದೆ ತಳ್ಳಿದಳು.

"ಇದ್ದಿದ್ರೆ ಕೊಡ್ತಿದ್ದೆ ಕಣಮ್ಮ. ಅದು ಈಗ ಮಲಗಿ ಮಕ್ಕಳು ಸಾಕ್ತಿದೆ. ನಿನ್ನ ಮೊಮ್ಮಗಳ ಮದುವೆಗೆ ಬಾ, ಅಷ್ಟು ಹೊತ್ತಿಗೆ ನಾನಿಲ್ಲದಿದ್ರೂ ಯಾರಾದ್ರೂ ಕೊಡ್ತಾರೆ."

ಬಂದಾಕೆ ಜಾಡಿಯನ್ನು ಮೂಸಿ ನೋಡಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿ, ಎತ್ತಿಕೊಂಡು ಹೋದಳು.